ಮಂಗಳವಾರದ ಬಿಳಿ ಪುಟ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನೀರಮಾನ್ವಿಯ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಮಾವ ಲ್ಯಾಪ್‌ಟಾಪ್ ಕೊಡುವ ಮಾತು ಹೇಳಿದಾಗ ನಾವು ಶೇಂಗಾ ಸುಲಿಯುತ್ತಿದ್ದೆವೋ ತೊಗರಿಕಾಯಿಯೋ, ನನಗೆ ಖಚಿತವಿಲ್ಲ. ಅವನು ನನ್ನ ಕಡೆ ನೋಡಿ ಹೇಳಿದನೋ, ನನ್ನ ಪಕ್ಕದಲ್ಲಿ ಕೂತವಳ ಕಡೆ ನೋಡಿ ಹೇಳಿದನೋ ಎಂಬುದರ ಮೇಲೂ ಬಹಳ ವರ್ಷ ಆಣೆ ಇಡಲಾರದೆ ಇದ್ದೆ.

ನಾನು ಇತಿಹಾಸದ ವಿದ್ಯಾರ್ಥಿನಿ. ರಾಯಚೂರಿನಲ್ಲಿ ಎಂ.ಎ. ಓದುತ್ತಿದ್ದೇನೆ. ಒಬ್ಬನೇ ಸಾಕ್ಷಿ ಹೇಳಿದ್ದನ್ನು ಹಾಗೆಯೇ ನಂಬಬೇಡಿ ಎಂದು ತರಗತಿಯಲ್ಲಿ ಮೇಲಿಂದ ಮೇಲೆ ಹೇಳುತ್ತಾರೆ. ನನ್ನ ಹದಿನಾರನೆಯ ವಯಸ್ಸಿಗೆ ನಾನೊಬ್ಬಳೇ ಸಾಕ್ಷಿ, ಅದೂ ಹೊಟ್ಟೆಕಿಚ್ಚಿನ ಸಾಕ್ಷಿ. ಗಟ್ಟಿಯಾಗಿ ಹೇಳಬಲ್ಲದ್ದು ಇಷ್ಟೇ. ಮಾನ್ವಿಯಲ್ಲಿರುವ ಸೋದರಮಾವನ ಲ್ಯಾಪ್‌ಟಾಪ್ ನನಗೆ ಬರುತ್ತದೆ ಎಂದು ನಾನು ಕಾದೆ; ಅದು ರಾಯಚೂರಿನ ದೊಡ್ಡಮ್ಮನ ಮಗಳಿಗೆ ಹೋಯಿತು. ಅವಳು ನನಗಿಂತ ಕೆಲವೇ ತಿಂಗಳು ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಾಳೆ. ಆ ಅಕ್ಕಾ ಎಂಬ ಮಾತು ಕೂಡ ನನಗೆ ಕಿರಿಕಿರಿಯಾಗುತ್ತಿತ್ತು.

ಕೊರೊನಾ ಬಂದ ವರ್ಷ ನಾನು ದೇವದುರ್ಗದಲ್ಲಿ ಹತ್ತನೆಯ ತರಗತಿ ಮುಗಿಸಿದೆ. ಅಪ್ಪ ಕಾಲೇಜೊಂದರಲ್ಲಿ ಅಟೆಂಡರ್, ಅವ್ವ ಅಂಗನವಾಡಿ ಕಾರ್ಯಕರ್ತೆ. ಅವ್ವನ ಹತ್ತಿರ ಬಟನ್ ಫೋನು ಇತ್ತು. ದೊಡ್ಡ ಪರದೆಯ ಫೋನು ಮನೆಗೆಲ್ಲ ಒಂದೇ, ಅಪ್ಪನದು. ಪಿಯುಸಿ ಪಾಠಗಳು ಫೋನಿನಲ್ಲೇ ನಡೆಯುತ್ತವೆ ಎಂದಾದ ಮೇಲೆ ಅಪ್ಪ ಅದನ್ನು ಮನೆಯಲ್ಲಿ ಬಿಟ್ಟು ಹೋಗತೊಡಗಿದ. ಪಾಠ ಸ್ವಲ್ಪ ಹೊತ್ತು ನಡೆಯುತ್ತಿತ್ತು. ಉಳಿದ ಹೊತ್ತು ಫೋನು ನನ್ನದು.

ಹತ್ತನೆಯ ತರಗತಿಯ ಫಲಿತಾಂಶ ನೋಡಿದ ದಿನ ಇದೆಲ್ಲ ಶುರುವಾಯಿತು ಎಂದು ಕೇಳಿದವರಿಗೆ ಹೇಳುತ್ತೇನೆ. ನನ್ನ ನಂಬರ್ ಹಾಕಿದರೆ ನನ್ನ ಅಂಕ ಬಂತು, ಗೆಳತಿಯ ನಂಬರ್ ಹಾಕಿದರೆ ಅವಳದು. ಹಾಗಾದರೆ ಈ ಪುಟ ಮೊದಲೇ ಬರೆದಿಟ್ಟದ್ದಲ್ಲ, ನಾವು ಕೇಳಿದ ಮೇಲೆ ತಯಾರಾಗುತ್ತದೆ, ಯಾರು ತಯಾರು ಮಾಡುತ್ತಾರೆ ಎಂದು ತಲೆಗೆ ಹತ್ತಿತು. ಹೀಗೆ ಹೇಳಿದರೆ ಚೆಂದ ಕೇಳಿಸುತ್ತದೆ. ಬರೀ ಬೇಸರ ಕಳೆಯಲು ಶುರುಮಾಡಿದ್ದೂ ಇರಬಹುದು.

ಕನ್ನಡದಲ್ಲಿ ಹೇಳಿಕೊಡುವ ವಿಡಿಯೋಗಳು ಆಗ ನನಗೆ ಸಿಕ್ಕಿದ್ದು ಕಡಿಮೆ. ತೆಲುಗಿನಲ್ಲಿ ಹೇಳುವ ಒಬ್ಬ ಹುಡುಗನ ವಿಡಿಯೋಗಳು ಸಿಕ್ಕವು. ನಮ್ಮ ಕಡೆ ಸಂತೆಗೆ ಬರುವವರಿಂದ ಕಿವಿಗೆ ಬಿದ್ದ ತೆಲುಗು ಅಷ್ಟಕ್ಕೆ ಸಾಕಾಯಿತು. ಡೇಟಾ ಉಳಿಸಲು ಚಿತ್ರವನ್ನು ಅತಿ ಮಸುಕು ಮಾಡಿ ಇಡುತ್ತಿದ್ದೆ. ಅವನು ಬರೆದ ಅಕ್ಷರಗಳು ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು, ಆದ್ದರಿಂದ ಕಿವಿಯಿಂದಲೇ ಕಲಿತದ್ದು ಹೆಚ್ಚು.

ಅವ್ವ ಹಿಟ್ಟು ನಾದುತ್ತ ಕೇಳುತ್ತಿದ್ದಳು, "ಯಾರಬೇ ಅಂವಾ? ದಿನಾ ತೆಲುಗಿನ್ಯಾಗ ಏನ್ ಹೇಳಾಕತ್ತಾನ?"

"ವೆಬ್‌ಸೈಟ್ ಮಾಡೋದು ಹೇಳಾಕತ್ತಾನ ಯವ್ವಾ."

"ಮಾಡಿ?"

ಆ 'ಮಾಡಿ?' ಕೇಳಿಯೂ ಕೇಳದವಳ ಹಾಗೆ ನಾನು ವಿಡಿಯೋ ಮುಂದಕ್ಕೆ ಓಡಿಸಿದೆ.

ವೆಬ್ ಪುಟ ಬರೆಯುವವರಿಗೆ ಎಡಕ್ಕೆ ಬಾಯಿ ಬಿಟ್ಟ ಬಾಣ, ಬಲಕ್ಕೆ ಬಾಯಿ ಬಿಟ್ಟ ಬಾಣ, > ಮತ್ತು <, ಈ ಎರಡು ಗುರುತು ಉಸಿರಿದ್ದ ಹಾಗೆ. ಪ್ರತಿ ಸಾಲಿನಲ್ಲೂ ಬೇಕು. ಅಪ್ಪನ ಫೋನಿನಲ್ಲಿ ಅವು ಸುಲಭಕ್ಕೆ ಸಿಗುತ್ತಿರಲಿಲ್ಲ. ಅಕ್ಷರಗಳ ಕೀಲಿಮಣೆಯಿಂದ ಅಂಕಿಗಳದಕ್ಕೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ ಹೋಗಿ, ಬಾಣ ಒತ್ತಿ, ಬಂದ ದಾರಿಯಲ್ಲೇ ವಾಪಸ್ ಬರಬೇಕು. ಒಂದು ಸಾಲು ಬರೆಯುವಷ್ಟರಲ್ಲಿ ಹೆಬ್ಬೆರಳು ಸೋಲುತ್ತಿತ್ತು. ಬಿಸಿಲಿಗೆ ಫೋನು ಕಾದು ತಾನಾಗಿಯೇ ಆರಿಹೋಗುತ್ತಿತ್ತು. ಆಗ ಅದನ್ನು ಒಂದು ತೆಳು ಚೀಲದಲ್ಲಿ ಹಾಕಿ ನೀರಿನ ಗಡಿಗೆಗೆ ಆನಿಸಿ ಇಡುತ್ತಿದ್ದೆ. ಅದು ತಣ್ಣಗಾಗುವವರೆಗೆ ಮುಂದಿನ ಸಾಲನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಕೂರುವುದು. ನೀರು ಕುಡಿಯಲು ಬಂದ ಅಪ್ಪ ಒಮ್ಮೆ, "ನನ್ನ ಫೋನಿಗಿ ಜ್ವರ ಬಂದಾವೇನು?" ಅಂದಿದ್ದ.

ನಾನು ಮಾಡಿದ ಮೊದಲ ಕೆಲಸದ ಪುಟ ಗಿರಣಿಯದು. ಮೂರು ಓಣಿ ಆಚೆ ನಾವೆಲ್ಲ ಜೋಳ ಬೀಸಿಸುವ ಗಿರಣಿ. ಅಲ್ಲಿ ಮಂಗಳವಾರ ಬರೀ ಖಾರ ಬೀಸುತ್ತಾರೆ. ಮೆಣಸಿನಕಾಯಿ ಹಾಕಿದ ಯಂತ್ರಕ್ಕೆ ಅವತ್ತು ಜೋಳ ಹಾಕಿಸಿದರೆ ರೊಟ್ಟಿ ತಿಂದವರ ಕಣ್ಣಲ್ಲಿ ನೀರು. ಮೊದಲಾದರೆ ಯಾರಾದರೂ ಹೋಗುವವರು ಬರುವವರು ಇವತ್ತು ಖಾರ, ಇವತ್ತು ಜೋಳ ಎಂದು ಕೂಗಿ ಹೇಳುತ್ತಿದ್ದರು. ಕೊರೊನಾ ಕಾಲದಲ್ಲಿ ಓಣಿಯಲ್ಲಿ ಹೋಗುವವರೇ ಇಲ್ಲ. ವಾರದ ದಿನಗಳೂ ಒಂದರೊಳಗೊಂದು ಕಲಸಿ ಹೋಗಿದ್ದವು. ಗಿರಣಿ ತೆರೆಯುವ ಹೊತ್ತು, ಯಾವ ದಿನ ಏನು ಬೀಸುತ್ತಾರೆ ಎಂದು ಬರೆದು, ಉಚಿತವಾಗಿ ಜಾಗ ಕೊಡುವ ಒಂದು ಕಡೆ ಆ ಪುಟ ಏರಿಸಿದೆ. ಕೊಂಡಿಯನ್ನು ಓಣಿಯ ಗ್ರೂಪಿಗೆ ಅಪ್ಪನ ಕೈಯಿಂದ ಹಾಕಿಸಿದೆ. ಗಿರಣಿಯವನು ದಾರಿಯಲ್ಲಿ ಸಿಕ್ಕು, "ಏನ್ ಯವ್ವಾ, ನನ್ನ ಗಿರಣಿ ಫೋನಿನ್ಯಾಗ ಹೊಕ್ಕದಂತಲ್ಲ, ಕರೆಂಟ್ ಬಿಲ್ ಅಲ್ಲೇ ಕಟ್ಟಿಬಿಡು" ಅಂದ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಬಸ್ಸುಗಳು ಮತ್ತೆ ಓಡಾಡತೊಡಗಿದ ಮೇಲೆ ಒಂದು ರವಿವಾರ ನಾವೆಲ್ಲ ನೀರಮಾನ್ವಿಗೆ ಹೋದೆವು. ಅಜ್ಜಿ ಆಗ ಇದ್ದಳು. ಅಪ್ಪನ ಕಡೆಯವರು ಬುದ್ಧನ ಹಾದಿ ಹಿಡಿದು ಬಹಳ ಕಾಲವಾಯಿತು. ಅಜ್ಜಿ ಮಾತ್ರ ಊರಿನ ಎಲ್ಲಮ್ಮನನ್ನು ಬಿಟ್ಟವಳಲ್ಲ. ನಮ್ಮ ಮನೆಯಲ್ಲೂ ಬುದ್ಧನ ಫೋಟೋದ ಕೆಳಗೆ ಅವಳು ಕೊಟ್ಟ ಎಲ್ಲಮ್ಮನ ಭಂಡಾರದ, ಅಂದರೆ ಅರಿಶಿನ ಪುಡಿಯ, ಡಬ್ಬಿ ಇದೆ. ಮಾನ್ವಿಯಿಂದ ಮಾವ, ಅತ್ತೆ ಬಂದಿದ್ದರು. ಮಾವ ಹೈಸ್ಕೂಲ್ ಮಾಸ್ತರ, ಅವ್ವನ ಅಣ್ಣ. ಆ ಮನೆತನದಲ್ಲಿ ಸಂಬಳದ ಕೆಲಸ ಹಿಡಿದ ಮೊದಲನೆಯವನು, ಆದ್ದರಿಂದ ಯಾವ ಹುಡುಗ ಏನು ಓದಬೇಕು ಎಂಬುದೆಲ್ಲ ಅವನ ಬಾಯಿಂದಲೇ ಬರಬೇಕು. ರಾಯಚೂರಿನಿಂದ ದೊಡ್ಡಮ್ಮ ಮತ್ತು ಅವಳ ಮಗಳು.

ಮಾವ ಅಪ್ಪನ ಫೋನಿನಲ್ಲಿ ಗಿರಣಿಯ ಪುಟ ನೋಡಿದ. ಮೇಲೆ ಕೆಳಗೆ ಸರಿಸಿದ. "ಯಾರ ಹೇಳಿಕೊಟ್ರು?"

"ಯಾರೂ ಇಲ್ಲ."

"ತೆಲುಗಿನಂವಾ" ಎಂದಳು ಅವ್ವ. ಎಲ್ಲರೂ ನಕ್ಕರು.

ಮಾವ ನಗಲಿಲ್ಲ. "ಇದ ಪುಟ ತಾನs ಬಣ್ಣ ಬದಲಿ ಮಾಡಿದ್ರ ಹೆಂಗಿರ್ತದ? ಓದಾಕ ಬರಲಾರದವರಿಗೂ ತಿಳೀತದ" ಅಂದ. ಆಮೇಲೆ ಅಂದದ್ದು, "ನಾ ಹೊಸಾದು ತೊಗೊಂಡೀನಿ, ಹಳೇ ಲ್ಯಾಪ್‌ಟಾಪ್ ನಿನಗs ಕೊಡ್ತೀನಿ ತಗಿ. ಫೋನಿನ್ಯಾಗ ಎಷ್ಟಂತ ಕುಟ್ಟತೀದಿ?"

ದೊಡ್ಡಮ್ಮನ ಮಗಳು ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದಳು. ಅವಳು ಆಗ ರಾಯಚೂರಿನಲ್ಲಿ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದಳು; ಅದೂ ಬಾಗಿಲು ಮುಚ್ಚಿತ್ತು.

ಅವತ್ತೇ ಅಜ್ಜಿ ತಾಟಿನ ಕತೆ ಹೇಳಿದ್ದು ಎಂದು ನನ್ನ ನೆನಪು. ಬೇರೆ ದಿನ ಇರಬಹುದು, ಅವಳು ಅದನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಅವ್ವ ಹತ್ತನೆಯ ತರಗತಿ ಪಾಸಾದ ವರ್ಷ ಕುರ್ಡಿಯಿಂದ ಅವಳ ಸೋದರಮಾವ ಬಂದನಂತೆ. ತಾಟಿನಲ್ಲಿ ಸೀರೆ, ಕೊಬ್ಬರಿ ಬಟ್ಟಲು, ಕುಂಕುಮ. ಹೊಸ್ತಿಲ ಒಳಗೆ ಬಂದ ತಾಟನ್ನು ಮನೆಯವರು ಕೈಯಲ್ಲಿ ಹಿಡಿದರೆ ಹೆಣ್ಣು ಕೊಟ್ಟ ಹಾಗೆ. ಅಜ್ಜ ಹಿಡಿದ. ಅವ್ವ ಪುಸ್ತಕ ಕಟ್ಟಿಟ್ಟು ಕುರ್ಡಿಯ ಆ ಮಾವನ ಮಗನನ್ನು ಮದುವೆಯಾದಳು. ಆ ಮಗನೇ ನನ್ನ ಅಪ್ಪ. ಅಜ್ಜಿ ಇದನ್ನು ಹೆಮ್ಮೆಯ ಕತೆಯಾಗಿ ಹೇಳುತ್ತಿದ್ದಳು, "ಒಂದs ಮಾತಿನ್ಯಾಗ ಮುಗೀತು ನೋಡ್ರಿ" ಎಂದು. ಅವ್ವ ಆ ಕತೆ ಬಂದಾಗಲೆಲ್ಲ ಏನಾದರೂ ಕೆಲಸಕ್ಕೆ ಎದ್ದು ಹೋಗುತ್ತಿದ್ದಳು.

ದೇವದುರ್ಗಕ್ಕೆ ವಾಪಸ್ ಬಂದ ಮೇಲೆ ನಾನು ಬಣ್ಣದ ಬೆನ್ನು ಹತ್ತಿದೆ. ಜೋಳದ ದಿನ ಪುಟ ಬಿಳಿ, ಖಾರದ ದಿನ ಕೆಂಪು. ಇದಕ್ಕೆ ಬರೀ ಪುಟ ಬರೆದರೆ ಸಾಲದು, ಇವತ್ತು ಯಾವ ವಾರ ಎಂದು ಯಂತ್ರವನ್ನೇ ಕೇಳಬೇಕು. ಅಂದರೆ ಪ್ರೋಗ್ರಾಮ್ ಬರೆಯಬೇಕು. ತೆಲುಗಿನ ಹುಡುಗನ ಹೊಸ ವಿಡಿಯೋಗಳು, ಗಡಿಗೆಯ ಪಕ್ಕದ ಕಾಯುವಿಕೆ, ಮತ್ತೆ ಹೆಬ್ಬೆರಳು. ಲ್ಯಾಪ್‌ಟಾಪ್ ಬರುವಷ್ಟರಲ್ಲಿ ಇದು ತಯಾರಿರಬೇಕು, ಮಾವನಿಗೆ ತೋರಿಸಬೇಕು ಎಂಬುದೊಂದೇ. ಕೊನೆಗೊಂದು ದಿನ ಪುಟ ಬೆಳ್ಳಗೆ ತೆರೆದುಕೊಂಡಿತು. ಬಿಳಿ ಇರಬೇಕಾದ ದಿನ ಬಿಳಿಯೇ ಇತ್ತು. ಗೆದ್ದೆ ಅಂದುಕೊಂಡು ಏರಿಸಿಬಿಟ್ಟೆ.

ಮುಂದಿನ ಮಂಗಳವಾರದ ಬೆಳಿಗ್ಗೆ, ನಾನು ಇಷ್ಟು ವರ್ಷ ಜೋಪಾನ ಮಾಡಿದ ನೆನಪು. ಅವ್ವ ಜೋಳ ಕೇರಿ ಡಬ್ಬಿಗೆ ತುಂಬಿ, ಗಿರಣಿಗೆ ಹೋಗಿ ಬಾ ಅಂದಳು. ಇವತ್ತು ಯಾವ ವಾರ ಎಂದು ಅನುಮಾನದಿಂದ ಕೇಳಿದೆ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಗಡಿಗೆಯ ಹತ್ತಿರ ಇದ್ದ ಫೋನು ಎತ್ತಿದಳು.

"ನಿನ್ನ ಫೋನಿನ್ಯಾಗ ಬಿಳಿ ಅದಲ್ಲ. ಹೋಗಿ ಬಾ."

ಅವ್ವ ನನ್ನ ಪುಟ ನೋಡಿದಳು. 'ಮಾಡಿ?' ಎಂದು ಕೇಳಿದ ಅವ್ವ, ನಾನು ಮಾಡಿದ್ದನ್ನು ನೋಡಿ ತನ್ನ ಮನೆಯ ಕೆಲಸ ನಡೆಸಿದಳು. ನನ್ನ ಲೆಕ್ಕದಲ್ಲಿ ನಾನು ಪ್ರೋಗ್ರಾಮರ್ ಆದದ್ದು ಆ ಕ್ಷಣ. ಡಬ್ಬಿ ಸೊಂಟಕ್ಕೆ ಇಟ್ಟುಕೊಂಡು ಓಣಿ ತುಂಬ ಬೀಗುತ್ತ ನಡೆದೆ.

ಗಿರಣಿಯ ಹತ್ತಿರ ಹೋಗುವ ಮೊದಲೇ ಮೂಗು ಉರಿಯಿತು. ಒಳಗೆಲ್ಲ ಕೆಂಪು ಧೂಳು. ಗಿರಣಿಯವನು ಬಾಯಿಗೆ ಕಟ್ಟಿದ ಬಟ್ಟೆ ಇಳಿಸಿ ನನ್ನನ್ನೂ ಡಬ್ಬಿಯನ್ನೂ ನೋಡಿದ.

"ಇವತ್ತ ಮಂಗಳವಾರ ಯವ್ವಾ."

"ಪುಟದಾಗ ಬಿಳಿ ಅದರೀ."

"ನಿನ್ನ ಪುಟ ನೀನs ನಂಬಿ ಬಂದೇನು?" ಎಂದು ಹೊಟ್ಟೆ ಹಿಡಿದು ನಕ್ಕು, ಅಲ್ಲೇ ಕೂತ ಹೆಂಗಸರಿಗೆಲ್ಲ ಹೇಳಿದ. ಅವರೂ ನಕ್ಕರು. ಬರಿಗೈಲಿ ವಾಪಸ್ ಹೋಗಲು ನಾಚಿಕೆಯಾಗಿ ಊರಿನ ಆ ತುದಿಯ ಗಿರಣಿಗೆ ಹೋದೆ. ಅಲ್ಲಿ ಪಾಳಿ ದೊಡ್ಡದಿತ್ತು. ಮನೆಗೆ ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಮನೆಯಲ್ಲಿ ತುಪ್ಪದಲ್ಲಿ ರವೆ ಹುರಿದು ಶಿರಾ ಮಾಡಿದ ವಾಸನೆ. ಎರಡು ಸ್ಟೀಲ್ ಲೋಟ ತೊಳೆದು ಬೋರಲು ಹಾಕಿತ್ತು. ಅವ್ವನ ಹಣೆಯ ಕುಂಕುಮ ಹಸಿಯಾಗಿತ್ತು ಎಂದೂ ನೆನಪಿದೆ. ಇದನ್ನು ನಾನು ಇತ್ತೀಚೆಗೆ ಸೇರಿಸಿಕೊಂಡಿರಬಹುದು, ನಂಬಬೇಡಿ. ಆದರೆ ಶಿರಾ ನಿಜ. ಯಾಕೆ ಮಾಡಿದಿ ಎಂದು ಕೇಳಿದ್ದಕ್ಕೆ, "ನೀ ದೂರ ಹೋಗಿ ಬಂದಿ ಅಂತ" ಅಂದಳು. ನನ್ನ ತಟ್ಟೆಗೆ ಬಹಳ ಹಾಕಿದಳು.

ತಪ್ಪು ಸಣ್ಣದು. ನಾನು ರವಿವಾರವನ್ನು ಒಂದು ಎಂದು ಹಿಡಿದು ಮಂಗಳವಾರ ಮೂರು ಎಂದು ಬರೆದಿದ್ದೆ. ಯಂತ್ರ ರವಿವಾರವನ್ನು ಸೊನ್ನೆ ಎಂದು ಎಣಿಸುತ್ತದೆ. ಅದರ ಮೂರು ಅಂದರೆ ಬುಧವಾರ. ಅವತ್ತು ಸಂಜೆಯೇ ತಿದ್ದಿದೆ.

ಅದಾದ ಕೆಲವು ದಿನಕ್ಕೆ ಮನೆತನದ ಗ್ರೂಪಿನಲ್ಲಿ ಒಂದು ಫೋಟೋ ಬಂತು. ರಾಯಚೂರಿನ ದೊಡ್ಡಮ್ಮನ ಮನೆ. ಮಂಚದ ಮೇಲೆ ತಾಟು, ತಾಟಿನಲ್ಲಿ ಲ್ಯಾಪ್‌ಟಾಪ್, ಅದರ ಮುಚ್ಚಳದ ಮೇಲೆ ಅರಿಶಿನ ಕುಂಕುಮದ ಬೊಟ್ಟು, ಪಕ್ಕದಲ್ಲಿ ಕುಪ್ಪಸದ ಬಟ್ಟೆ. ಹಿಂದೆ ದೊಡ್ಡಮ್ಮನ ಮಗಳು, ಹಲ್ಲೆಲ್ಲ ಕಾಣುವ ಹಾಗೆ. ಕೆಳಗೆ ಎಲ್ಲರ ಹೂವು, ಕೈಮುಗಿದ ಚಿತ್ರಗಳು.

ಫೋನು ಬಿಸಿಯಾಗುವವರೆಗೆ ಆ ಫೋಟೋ ನೋಡಿದೆ. ದೊಡ್ಡದು ಮಾಡಿ ನೋಡಿದೆ. ಕೀಲಿಗಳ ಮೇಲೆ ಬಾಣಗಳು ಎಲ್ಲಿವೆ ಎಂದು ಹುಡುಕಲು ಹೋದೆ, ಮುಚ್ಚಳ ಮುಚ್ಚಿತ್ತು.

"ಯವ್ವಾ, ಮಾವ ನನಗ ಅಂದಿದ್ದನಲ್ಲ?"

ಅವ್ವ ಒಲೆಯ ಮುಂದೆ ಇದ್ದಳು. "ಯಾರಿಗಿ ಅಂದಿದ್ದನೋ. ಇಬ್ರೂ ಕೂಡೇ ಕುಂತಿದ್ರೆಪ್ಪಾ. ಆಕಿ ಕ್ಲಾಸಿಗಿ ಹೋಗ್ತಾಳ, ಆಕಿಗಿ ಉಪಯೋಗ ಆಗ್ತದ, ಬಿಡು."

ನನ್ನ ನೆನಪಿಗೆ ಹುಳ ಬಿದ್ದದ್ದು ಅಲ್ಲಿಂದ. ಪಡಸಾಲೆಯ ಆ ಮಧ್ಯಾಹ್ನವನ್ನು ಎಷ್ಟು ಸಲ ತಿರುವಿ ಹಾಕಿದೆನೆಂದರೆ ಮಾವನ ಮುಖ ಒಮ್ಮೆ ನನ್ನ ಕಡೆ, ಒಮ್ಮೆ ಅವಳ ಕಡೆ ತಿರುಗತೊಡಗಿತು. ಕೊನೆಗೆ ಅವಳಿಗೇ ಹೇಳಿದ್ದಿರಬೇಕು, ಆಸೆಗೆ ನನಗೆ ಹಾಗೆ ಕೇಳಿಸಿತು ಎಂದು ಒಪ್ಪಿಕೊಂಡೆ. ಒಪ್ಪಿಕೊಂಡರೂ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ. ಮಾತು ಮುರಿದ ಮಾವನನ್ನಾದರೂ ಬೈಯಬಹುದಾಗಿತ್ತು, ಈಗ ಅದೂ ಇಲ್ಲ. ಇದ್ದಷ್ಟೂ ಅವಳ ಮೇಲೆ ಹೋಯಿತು.

ದೀಪಾವಳಿಗೆ ರಾಯಚೂರಿಗೆ ಹೋದಾಗ ಲ್ಯಾಪ್‌ಟಾಪ್ ಮೊದಲ ಸಲ ಹತ್ತಿರದಿಂದ ನೋಡಿದೆ. ಟಿವಿಯ ಮೇಲೆ ಹಾಸುವ ಹೆಣಿಗೆ ಬಟ್ಟೆಯನ್ನು ದೊಡ್ಡಮ್ಮ ಅದಕ್ಕೆ ಹೊದಿಸಿದ್ದಳು. ಮಗಳು ಬಟ್ಟೆ ತೆಗೆದು ಅದನ್ನು ನನ್ನ ಮುಂದೆ ಸರಿಸಿದಳು. "ಅಕ್ಕಾ, ಬಾ, ಬಡಿ."

ಎರಡು ಬಾಣಗಳೂ ಅಕ್ಕಪಕ್ಕದಲ್ಲೇ ಇದ್ದವು. ಒಂದು ಬೆರಳಿನಿಂದ ಇನ್ನೊಂದು ಕೀಲಿ ಒತ್ತಿ ಹಿಡಿದರೆ ಸಾಕು. ಎಲ್ಲಿಗೂ ಹೋಗಿ ಬರಬೇಕಾಗಿಲ್ಲ. ನಾನು ಸುಮ್ಮನೆ ಬಾಣಗಳನ್ನೇ ಒಂದು ಸಾಲು ತುಂಬ ಒತ್ತಿದೆ.

"ಏನ್ ಮಾಡಾಕತ್ತೀದಿ?" ಅಂದಳು ಅವಳು, ನಗುತ್ತ.

"ಏನಿಲ್ಲ. ಕೀಲಿ ಸರಿ ಅದಾವೇನು ನೋಡಾಕತ್ತೀನಿ."

"ನಾ ಬರೇ ಸೀರಿಯಲ್ ನೋಡ್ತೀನಿ ಅಂತ ಅವ್ವ ಬೈತಾಳ. ನೀನರೆ ನನಗ ಪುಟ ಮಾಡೋದು ಹೇಳಿಕೊಡು."

ಹೇಳಿಕೊಟ್ಟೆ. ನನಗೆ ಗೊತ್ತಿದ್ದಷ್ಟೂ ಹೇಳಿಕೊಟ್ಟೆ, ಒಂದೂ ಮುಚ್ಚಿಡಲಿಲ್ಲ. ಒಳ್ಳೆಯತನಕ್ಕಲ್ಲ. ಕೀಲಿಗಳ ಮೇಲೆ ಬೆರಳಿಟ್ಟು ಕೂರಲು ಬೇರೆ ನೆಪ ಇರಲಿಲ್ಲ. ಅವಳು ನನ್ನ ಕೈ ನೋಡುತ್ತ ಪಕ್ಕದಲ್ಲಿ ಕೂತು, "ಅಯ್ಯ, ಇಷ್ಟೇನಾ?" ಅನ್ನುತ್ತಿದ್ದಳು. ಇಷ್ಟೇ ಅಲ್ಲ, ಗಡಿಗೆಯ ಹತ್ತಿರ ಕೂತು ಕಲಿತು ನೋಡು ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ. ಸಂಜೆ ದೇವದುರ್ಗದ ಬಸ್ಸಿನಲ್ಲಿ ಮಸರಕಲ್ ದಾಟುವವರೆಗೂ ನನ್ನ ಬೆರಳುಗಳು ಮಡಿಲಲ್ಲಿ ಆಡುತ್ತಲೇ ಇದ್ದವು.

ಅವಳು ಬೇಗ ಕಲಿತಳು. ಮುಂದಿನ ವರ್ಷ ಅವಳು ಮಾಡಿದ ಮೊದಲ ಪುಟದ ಕೊಂಡಿ ಕಳಿಸಿದಾಗ ನಾನು ಫೋನಿನಲ್ಲಿ ತೆರೆದೆ. ಅರ್ಧ ಪುಟ ಪರದೆಯ ಆಚೆ ಬಿದ್ದಿತ್ತು. ದೊಡ್ಡ ಪರದೆಯಲ್ಲಿ ಮಾಡಿದವಳಿಗೆ ಸಣ್ಣ ಪರದೆಯ ಕಷ್ಟ ಗೊತ್ತಿಲ್ಲ ಎಂದು ಅವತ್ತು ಊಟ ರುಚಿಯಾಯಿತು. ಮರುದಿನ ಅವಳು ಅದನ್ನು ಸರಿಮಾಡಿ ಮತ್ತೆ ಕಳಿಸಿದಳು. "ಅಕ್ಕಾ, ಲ್ಯಾಪ್‌ಟಾಪಿನ್ಯಾಗs ಫೋನಿನಂಗ ತೋರಿಸೋದು ಒಂದು ಅದ, ಗೊತ್ತೇನು?" ನನಗೆ ಗೊತ್ತಿರಲಿಲ್ಲ. ಎಲ್ಲಿಂದ ಗೊತ್ತಾಗಬೇಕು?

ಪಿಯುಸಿ ಆದ ಮೇಲೆ ಅವಳು ಬಿಸಿಎ ಸೇರಿದಳು, ನಾನು ಬಿಎ. ಲ್ಯಾಪ್‌ಟಾಪ್ ಇಲ್ಲದ್ದಕ್ಕೆ ಬಿಎ ಸೇರಿದೆ ಎಂದು ಮೊನ್ನೆಮೊನ್ನೆಯವರೆಗೂ ಹೇಳುತ್ತಿದ್ದೆ. ಗಣಿತದಲ್ಲಿ ನನ್ನ ಅಂಕ ಎಷ್ಟಿತ್ತು ಎಂದು ಯಾರಾದರೂ ಕೇಳಿದರೆ ಮಾತು ತಿರುಗಿಸುತ್ತಿದ್ದೆ. ಇತಿಹಾಸ ನನಗೆ ಇಷ್ಟವಾದದ್ದು ಸುಳ್ಳಲ್ಲ. ಆದರೆ ಪುಟ ಮಾಡುವುದನ್ನು ಬಿಡಲಿಲ್ಲ. ಈಗ ಹಾಸ್ಟೆಲಿನ ಗೆಳತಿಯ ಕಂಪ್ಯೂಟರಿನಲ್ಲಿ, ನಮ್ಮ ವಿಭಾಗದ ಲ್ಯಾಬಿನಲ್ಲಿ, ಸಿಕ್ಕಲ್ಲಿ ಕೂತು ಮಾಡುತ್ತೇನೆ. ಒಂದು ಔಷಧಿ ಅಂಗಡಿ, ಒಂದು ಟ್ಯೂಷನ್ ಕ್ಲಾಸು, ಗೆಳತಿಯ ಅಣ್ಣನ ಫೋಟೋ ಸ್ಟುಡಿಯೋ; ಅವರ ಪುಟಗಳು ನನ್ನವು.

ಅವಳು ರಾಯಚೂರಿನಲ್ಲೇ ಕೆಲಸಕ್ಕೆ ಸೇರಿದ್ದಾಳೆ. ಹತ್ತಿ ವ್ಯಾಪಾರಿಗಳಿಗೆ, ಅಕ್ಕಿ ಗಿರಣಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಒಂದು ಸಣ್ಣ ಆಫೀಸು. ಅವಳು ಮಾಡಿದ ಪ್ರತಿಯೊಂದು ಪುಟವನ್ನೂ ನಾನು ತೆರೆದು ನೋಡುತ್ತೇನೆ. ಹೊರಗಿನಿಂದ ಅಲ್ಲ, ಒಳಗಿನ ಬರಹ ತೆರೆದು, ಸಾಲು ಸಾಲಾಗಿ. ತಪ್ಪು ಸಿಕ್ಕರೆ ಸಂತೋಷ. ಸಿಗದಿದ್ದರೆ ಅವತ್ತೆಲ್ಲ ಯಾರ ಜೊತೆಗೂ ಸರಿಯಾಗಿ ಮಾತಾಡುವುದಿಲ್ಲ. ಇತ್ತೀಚೆಗೆ ಸಿಗುವುದು ಕಡಿಮೆಯಾಗಿದೆ. ಒಂದು ಪುಟದಲ್ಲಿ ದಿನಕ್ಕೆ ತಕ್ಕ ಹಾಗೆ ಬಣ್ಣ ಬದಲಾಗುವುದನ್ನು ಕಂಡು ಒಳಗೆ ನೋಡಿದರೆ, ರವಿವಾರಕ್ಕೆ ಸೊನ್ನೆಯೇ ಇತ್ತು.

ಕಳೆದ ಬೇಸಿಗೆಯಲ್ಲಿ ಮಾವನ ಮಗನಿಗೆ ಮಾನ್ವಿಯಲ್ಲಿ ನಿಶ್ಚಿತಾರ್ಥ. ಹುಡುಗಿ ಹೊರಗಿನವಳು, ಅವನ ಜೊತೆ ಕೆಲಸ ಮಾಡುವವಳು. ಅಡುಗೆ ಮನೆಯಲ್ಲಿ ನಾನು, ಅತ್ತೆ, ದೊಡ್ಡಮ್ಮ ಎಲೆ ಒರೆಸುತ್ತಿದ್ದೆವು. ಹೊರಗೆ ಹುಡುಗಿಯ ಮುಂದೆ ತಾಟು ಇಟ್ಟಿದ್ದರು. ದೊಡ್ಡಮ್ಮ ಬಾಗಿಲಿನಿಂದ ಇಣುಕಿ ನೋಡಿ, "ಭಾರಿ ತಾಟ ತುಂಬೀಯಲ್ಲ ನೀನು" ಎಂದಳು ಅತ್ತೆಗೆ.

"ತುಂಬಲೇಬೇಕಲ್ರಿ. ಬರೇ ತಾಟಿಗೇ ಹೆದರೋ ಮಂದಿ ಅದಾರ ನಮ್ಮಾಗ" ಎಂದು ಅತ್ತೆ ನಕ್ಕು, ನನ್ನ ಭುಜಕ್ಕೆ ಮೊಣಕೈಯಿಂದ ತಿವಿದಳು. "ಕೇಳು, ನಿಮ್ಮವ್ವನ್ನ ಕೇಳು."

ನನಗೆ ತಿಳಿಯಲಿಲ್ಲ. ಏನದು ಅಂದೆ.

"ಅಯ್ಯ, ಗೊತ್ತಿಲ್ಲೇನು? ನಿಮ್ಮ ಮಾವ ಲ್ಯಾಪ್‌ಟಾಪ್ ನಿನಗಂತs ಕೊಟ್ಟು ಕಳಿಸಿದ್ರು. ನಾನs ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ದೇವದುರ್ಗಕ್ಕ ತಂದಿದ್ದೆ. ಅಂಥಾ ಸಾಮಾನ ಬರಿಗೈಲೆ ಹೆಂಗ ಕೊಡೋದಂತ ತಾಟಿನ್ಯಾಗ ಇಟ್ಟು, ಕುಂಕುಮ ಹಚ್ಚಿ, ಒಂದು ಕುಪ್ಪಸದ ಬಟ್ಟಿ ಇಟ್ಟೆ. ನಿಮ್ಮವ್ವ ತಾಟ ನೋಡಿದ್ದs ತಡ, ಮಾರಿ ಬಿಳಚಿತು ನೋಡು. ಮುಟ್ಟಲೇ ಇಲ್ಲ. ನಮ್ಮಕಿಗಿ ಯಾಕ್ರಿ ವೈನಿ, ರಾಯಚೂರಿನಾಕಿಗಿ ಕೊಡ್ರಿ, ಆಕಿ ಕ್ಲಾಸಿಗಿ ಹೋಗ್ತಾಳ ಅಂದಳು. ನನ್ನ ಮಗನ ಸಲುವಾಗಿ ನಿನ್ನ ಕೇಳಾಕ ಬಂದೀನಂತ ತಿಳಕೊಂಡಿದ್ದಳು, ಆಮ್ಯಾಲ ಗೊತ್ತಾತು ನನಗ." ಅತ್ತೆಗೆ ಮತ್ತೆ ನಗು ಬಂತು. "ನೀನs ಹೇಳು. ಅವತ್ತ ಮಂಗಳವಾರ. ಮಂಗಳವಾರ ಯಾರರೆ ಹೆಣ್ಣ ಕೇಳಾಕ ಹೋಗ್ತಾರೇನು?"

"ನಮ್ಮನಿಗಿ ಬಂತು, ನಾ ಸುಮ್ಮನ ಇಟ್ಕೊಂಡೆ" ಎಂದಳು ದೊಡ್ಡಮ್ಮ. "ನನಗೇನು ಹೆದರಿಕಿ? ಬೇಕಂದ್ರ ಮಗಳ್ನೂ ಕೊಡ್ತಿದ್ದೆ." ಇಬ್ಬರೂ ನಕ್ಕರು.

ನಾನು ಎಲೆ ಒರೆಸುತ್ತಲೇ ಇದ್ದೆ. ಮೊದಲು ಬಂದದ್ದು ಸಮಾಧಾನ, ಅದು ನಾಚಿಕೆಯಿಲ್ಲದ ಸಮಾಧಾನ. ಮಾವ ನನ್ನ ಕಡೆಯೇ ನೋಡಿ ಹೇಳಿದ್ದ. ನನ್ನ ಕಿವಿ ಸರಿ ಇತ್ತು. ದೊಡ್ಡಮ್ಮನ ಮಗಳ ಲ್ಯಾಪ್‌ಟಾಪ್ ನನ್ನ ಮನೆಯ ಹೊಸ್ತಿಲಿನಿಂದ ತಿರುಗಿ ಹೋದದ್ದು. ಅವಳಿಗೂ ಅದು ಗೊತ್ತಿರಬಹುದೇ ಎಂದು ಹೊರಗೆ ನೋಡಿದೆ. ಅವಳು ಹುಡುಗಿಯ ತಲೆಗೆ ಹೂವು ಮುಡಿಸುತ್ತ ನನ್ನನ್ನು ಕಂಡು ಬಾ ಎಂದು ಕೈ ಮಾಡಿದಳು. ಹೊಟ್ಟೆಕಿಚ್ಚಿಗೆ ಇನ್ನು ಕಾರಣ ಉಳಿದಿಲ್ಲ ಎಂದುಕೊಂಡೆ. ಕಾರಣ ಹೋದರೂ ಅದು ಇದ್ದಲ್ಲೇ ಇತ್ತು. ಅವಳಿಗೆ ಸಿಕ್ಕಿದ್ದು ಉಳಿದದ್ದು, ಬೇಡವಾದದ್ದು. ಅದರಲ್ಲೇ ಅವಳು ಅಷ್ಟು ಮಾಡಿದ್ದಳು ಎಂದು ಇನ್ನಷ್ಟು ಉರಿಯಿತು.

ಆಮೇಲೆ, ಕೈಯಲ್ಲಿನ ಎಲೆ ಮುಗಿಯುವಷ್ಟರಲ್ಲಿ, ಮಂಗಳವಾರ ಎಂಬ ಮಾತು ಬಂದು ತಾಗಿತು.

ಖಾರದ ಕೆಂಪು ಧೂಳು, ಗಿರಣಿಯವನ ನಗು, ಊರಿನ ಆ ತುದಿ, ಶಿರಾ, ಬೋರಲು ಹಾಕಿದ ಎರಡು ಲೋಟ. ಅದು ಅದೇ ಮಂಗಳವಾರವೇ? ಗಿರಣಿಗೆ ಹೋಗಿ ನಗೆಪಾಟಲಾದದ್ದು ಬಣ್ಣದ ಪುಟ ಏರಿಸಿದ ವಾರ. ಫೋಟೋ ಬಂದದ್ದು ಅದರ ಬೆನ್ನಿಗೆ. ಪುಟದ ಹಳೆಯ ಪ್ರತಿ ಇದ್ದಿದ್ದರೆ ದಿನ ನೋಡಬಹುದಾಗಿತ್ತು. ಆ ಉಚಿತ ಜಾಗದವರು ಎಂದೋ ಮುಚ್ಚಿಕೊಂಡು ಹೋದರು, ಅಪ್ಪನ ಆ ಫೋನೂ ಈಗಿಲ್ಲ. ಬರುವ ಮೊದಲು ಅವ್ವನ ಬಟನ್ ಫೋನಿಗೆ ಕರೆ ಮಾಡಿ ತಿಳಿಸಿದ್ದಳೋ ಎಂದು ಅತ್ತೆಯನ್ನೇ ಕೇಳಿದೆ. "ಮಾಡಿರಬೇಕು, ನೆನಪಿಲ್ಲ ತಾಯಿ" ಅಂದಳು.

ಅವ್ವನ ಮೇಲೆ ಸಿಟ್ಟು ಬರಬೇಕಾಗಿತ್ತು. ಹತ್ತನೆಯ ತರಗತಿ ಪಾಸಾದ ಹುಡುಗಿ, ಹೊಸ್ತಿಲೊಳಗೆ ಬಂದ ತಾಟು, ಹಿಡಿದ ಕೈ. ಅದು ಅವಳ ಕತೆ, ನನ್ನ ಮೇಲೆ ಬಾರದಿರಲಿ ಎಂದು ಕೈ ಹಿಂದೆ ತೆಗೆದುಕೊಂಡಳು ಎಂದು ನಾನೇ ಅವಳ ಪರವಾಗಿ ವಾದ ಮಾಡಬಲ್ಲೆ. ಲ್ಯಾಪ್‌ಟಾಪ್ ಹೋದರೆ ಹೋಗಲಿ, ಅದನ್ನು ಬಿಟ್ಟುಕೊಡಲು ಈಗ ತಯಾರಿದ್ದೇನೆ. ಆ ಒಂದು ಬೆಳಿಗ್ಗೆಯನ್ನು ಬಿಟ್ಟುಕೊಡಲು ತಯಾರಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಅವ್ವ ಫೋನು ಎತ್ತಿದಾಗ ನಾನು ಹೊಸ್ತಿಲ ಬಳಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಪರದೆ ಬೆಳಗಿತ್ತೋ, ಅವಳ ಕಣ್ಣು ಅದರ ಮೇಲಿತ್ತೋ, ಬಾಗಿಲಿನ ಮೇಲಿತ್ತೋ, ನಾನು ನೋಡಲಿಲ್ಲ.

ನಿಶ್ಚಿತಾರ್ಥ ಮುಗಿಸಿ ಮನೆಗೆ ಬಂದ ಮರುದಿನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಅತ್ತೆಯ ಮಾತನ್ನೆಲ್ಲ ಹೇಳಿದೆ, ಕೊನೆಗೆ ಕೇಳಿದೆ. ಅವಳು ರೊಟ್ಟಿಯ ಮೇಲೆ ನೀರು ಸವರಿ ತಿರುವಿ ಹಾಕಿ, ಹಿಟ್ಟು ಕಡಿಮೆ ಬಿದ್ದದ ಅಂದಳು. ಆಮೇಲೆ ಫೋನಿನಲ್ಲಿ ಇನ್ನೊಮ್ಮೆ ಕೇಳಿದೆ. ಅಂಗನವಾಡಿಯ ಮಕ್ಕಳು ಗದ್ದಲ ಮಾಡಾಕತ್ತಾರ ಎಂದು ಇಟ್ಟಳು. ಊರಿಗೆ ಹೋದಾಗೆಲ್ಲ ನನ್ನ ತಟ್ಟೆಗೆ ಬಹಳ ಹಾಕುತ್ತಾಳೆ. ನಾನು ಅವಳನ್ನು ಕೇಳಿದ್ದು ಇಷ್ಟೇ:

"ಯವ್ವಾ, ಅವತ್ತ ನೀ ನನ್ನ ಪುಟ ನೋಡಿ ಗಿರಣಿಗಿ ಕಳಿಸಿದ್ದೇನು, ಇಲ್ಲಾ ಅತ್ತಿ ಬರ್ತಾಳಂತ ಗೊತ್ತಾಗಿ ಕಳಿಸಿದ್ದೇನು?"